ಬಿಸಿಲು, ಬಿಳಿ ಪುಡಿ, ಬಾವಿ ನೀರು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಚೀಚೆ ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿದವ ನಾನು. ನಿವೃತ್ತಿಯಾದ ಮೇಲೆ ಶಾಲೆ, ವಾಚನಾಲಯ, ಕೆಲವೊಮ್ಮೆ ಮದುವೆಯ ಚಪ್ಪರದಲ್ಲೂ ನೀರಿನ ವಿಷಯ ಮಾತಾಡುವ ಚಟ ಹತ್ತಿದೆ. ಬಿಸಿಲು ಬಿದ್ದರೆ ನೀರಿನೊಳಗಿನ ಕೊಳೆಯನ್ನು ಸುಡುವ ಪುಡಿಯೊಂದು ಉಂಟು ಅಂತ ಒಮ್ಮೆ ಬಾಯಿ ತಪ್ಪಿ ಹೇಳಿದೆ. ಆಮೇಲೆ ಪ್ರಶ್ನೆಗಳು ನಿಂತಿಲ್ಲ. ಕೇಳಿದವರು ಕೇಳಿದ ಹಾಗೆಯೇ ಇಲ್ಲಿ ಬರೆದಿದ್ದೇನೆ. ಕೊನೆಯ ಭಾಗ ಕಾಲೇಜಿನ ಮಕ್ಕಳಿಗೆ; ಉಳಿದವರು ಅದನ್ನು ಬಿಟ್ಟರೂ ನಷ್ಟವಿಲ್ಲ.

## ಮೊದಲಿನಿಂದ

ಮಾಷ್ಟ್ರೇ, ಈ ಬೆಳಕಿನ ಪುಡಿ ಅಂದರೆ ನಿಜಕ್ಕೂ ಎಂತದ್ದು?

ಹೆಚ್ಚಾಗಿ ಅದು ಟೈಟಾನಿಯಂ ಡೈಆಕ್ಸೈಡ್. ಗೋಡೆಯ ಬಿಳಿ ಪೈಂಟಿನಲ್ಲಿ, ಬಿಸಿಲಿಗೆ ಹಚ್ಚುವ ಕ್ರೀಮಿನಲ್ಲಿ ಇರುವ ಅದೇ ಬಿಳಿ ವಸ್ತು. ಅದರ ಮೇಲೆ ಅತಿನೇರಳೆ ಕಿರಣ ಬಿದ್ದಾಗ ಒಳಗಿನ ಒಂದು ಎಲೆಕ್ಟ್ರಾನ್ ತನ್ನ ಜಾಗ ಬಿಟ್ಟು ಮೇಲಿನ ಮಟ್ಟಕ್ಕೆ ಹಾರುತ್ತದೆ. ಬಿಟ್ಟುಹೋದ ಖಾಲಿ ಜಾಗಕ್ಕೆ ಎಲೆಕ್ಟ್ರಾನಿನ ಭಾರೀ ಹಸಿವು. ಅದು ಪುಡಿಯ ಮೈಗೆ ತಾಗಿಕೊಂಡ ನೀರಿನಿಂದ ಎಲೆಕ್ಟ್ರಾನ್ ಕಿತ್ತುಕೊಂಡಾಗ, ಸಿಕ್ಕಿದ್ದನ್ನು ಕಡಿಯುವ ಅಣು ತುಂಡಾದ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತದೆ. ಅತ್ತ ಹಾರಿಹೋದ ಎಲೆಕ್ಟ್ರಾನ್ ನೀರಲ್ಲಿ ಕರಗಿದ ಆಮ್ಲಜನಕಕ್ಕೆ ಅಂಟಿ ಸೂಪರ್‌ಆಕ್ಸೈಡ್ ಆಗುತ್ತದೆ. ಇವೆರಡೂ ಸೇರಿ ಬಣ್ಣ, ಔಷಧಿ, ಕೀಟನಾಶಕ ಮೊದಲಾದ ಇಂಗಾಲದ ಅಣುಗಳನ್ನು ತುಂಡು ತುಂಡು ಮಾಡುತ್ತವೆ. ಕೊನೆ ಮುಟ್ಟಿದರೆ ಉಳಿಯುವುದು ಇಂಗಾಲದ ಡೈಆಕ್ಸೈಡ್, ನೀರು ಮತ್ತು ಸ್ವಲ್ಪ ಲವಣ. ಪುಡಿ ಮಾತ್ರ ಖರ್ಚಾಗುವುದಿಲ್ಲ. ಅದಕ್ಕೇ ಅದಕ್ಕೆ ವೇಗವರ್ಧಕ ಎಂಬ ಹೆಸರು.

ಇದನ್ನು ನೀವು ಕಣ್ಣಾರೆ ಕಂಡಿದ್ದೀರಿ, ಗೊತ್ತಿರಲಿಲ್ಲ ಅಷ್ಟೆ. ಬಿಸಿಲಿಗೆ ಮುಖ ಮಾಡಿದ ಹಳೆಯ ಬಿಳಿ ಗೋಡೆಗೆ ಒರಗಿದರೆ ಅಂಗಿಯ ಬೆನ್ನಿಗೆ ಹಿಟ್ಟು ಹತ್ತುತ್ತದಲ್ಲ? ಎಷ್ಟೋ ಸಲ ಅದು ಪೈಂಟಿನೊಳಗಿನ ಇದೇ ಪುಡಿಯ ಕೆಲಸ. ತನ್ನನ್ನು ಹಿಡಿದಿಟ್ಟ ಅಂಟನ್ನೇ ಅದು ಬಿಸಿಲಿನಲ್ಲಿ ತಿಂದುಹಾಕಿದೆ.

ನೀರನ್ನು ಬರೀ ಬಿಸಿಲಿಗೆ ಇಟ್ಟರೆ ಸಾಲದೋ? ಅಜ್ಜಿ ಹಾಗೇ ಮಾಡುತ್ತಿದ್ದರಲ್ಲ.

ರೋಗಾಣುಗಳ ಮಟ್ಟಿಗೆ ಅಜ್ಜಿ ಸರಿ. ತಿಳಿ ನೀರನ್ನು ಎರಡು ಲೀಟರಿನೊಳಗಿನ ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ ಆರು ಗಂಟೆ ಚೆನ್ನಾಗಿ ಬಿಸಿಲಿಗೆ ಮಲಗಿಸಿಟ್ಟರೆ ಬ್ಯಾಕ್ಟೀರಿಯಾ ಬಹುಪಾಲು ಸಾಯುತ್ತವೆ. ಮೋಡ ಇದ್ದರೆ ಎರಡು ದಿನ ಬೇಕು. ಲೆಬನಾನಿನಲ್ಲಿ 1980ರ ಸುಮಾರಿಗೆ ಪರೀಕ್ಷಿಸಿದ ವಿಧಾನ ಇದು, ಈಗ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಆದರೆ ಕೀಟನಾಶಕದ ಅಣು ಬ್ಯಾಕ್ಟೀರಿಯಾ ಅಲ್ಲ. ಅಂಥ ಎಷ್ಟೋ ಅಣುಗಳು ಬಿಸಿಲನ್ನು ಹೀರುವುದೇ ಇಲ್ಲ, ಹೀರದಿದ್ದರೆ ಒಡೆಯುವುದೂ ಇಲ್ಲ. ಬೆಳಕನ್ನು ಹಿಡಿದು ಆ ಶಕ್ತಿಯನ್ನು ಅವುಗಳ ಮೇಲೆ ಛೂ ಬಿಡುವ ಮೂರನೆಯವ ಬೇಕು. ಪುಡಿ ಮಾಡುವುದು ಆ ಕೆಲಸ.

ತೀರಾ ಸಣ್ಣ ಕಣದ ನ್ಯಾನೋ ಪುಡಿಯೇ ಬೇಕು ಅಂತ ಯಾಕೆ? ಪೈಂಟ್ ಅಂಗಡಿಯ ಪುಡಿ ಆಗುವುದಿಲ್ಲವೋ?

ಎಲ್ಲ ನಡೆಯುವುದು ಪುಡಿಯ ಮೈಮೇಲೆ. ಹೈಡ್ರಾಕ್ಸಿಲ್ ರ‍್ಯಾಡಿಕಲ್ಲಿನ ಆಯುಷ್ಯ ಸೆಕೆಂಡಿನ ಕೋಟಿ ಭಾಗಗಳ ಲೆಕ್ಕದಲ್ಲಿ. ದೂರ ಹೋಗಿ ಕೆಲಸ ಮಾಡಲಿಕ್ಕೆ ಅದಕ್ಕೆ ಪುರುಸೊತ್ತಿಲ್ಲ. ಹಾಗಾಗಿ ಮೈ ಹೆಚ್ಚಿದಷ್ಟೂ ಒಳ್ಳೆಯದು. ಪ್ರಯೋಗಾಲಯಗಳಲ್ಲಿ ಎಲ್ಲರೂ ಹೋಲಿಕೆಗೆ ಇಟ್ಟುಕೊಳ್ಳುವ ಪಿ25 ಎಂಬ ಪುಡಿಯ ಕಣ ಸುಮಾರು 21 ನ್ಯಾನೋಮೀಟರ್ (ಮೀಟರಿನ ನೂರು ಕೋಟಿ ಪಾಲಿನಲ್ಲಿ ಒಂದು ಪಾಲು ಒಂದು ನ್ಯಾನೋಮೀಟರ್). ಅದರ ಒಂದು ಗ್ರಾಮನ್ನು ಬಿಚ್ಚಿ ಹಾಸಿದರೆ ಸುಮಾರು 50 ಚದರ ಮೀಟರ್ ಮೈ. ನಮ್ಮ ಲೆಕ್ಕದಲ್ಲಿ ಒಂದು ಸೆಂಟ್ಸಿಗಿಂತ ಹೆಚ್ಚು ಜಾಗ, ಒಂದು ಚಿಟಿಕೆಯಲ್ಲಿ!

ಪೈಂಟಿನ ಪುಡಿಯ ಕಣ ಅದರ ಹತ್ತು ಪಟ್ಟು ದೊಡ್ಡದು. ಮೇಲಾಗಿ ಗೋಡೆ ಹಿಟ್ಟಾಗಬಾರದೆಂದು ಕಂಪೆನಿಯವರು ಅದಕ್ಕೆ ಸಿಲಿಕಾ, ಅಲ್ಯೂಮಿನಾದ ಅಂಗಿ ತೊಡಿಸಿರುತ್ತಾರೆ. ನಮಗೆ ಬೇಕಾದ ಗುಣವನ್ನೇ ಅವರು ಕಷ್ಟಪಟ್ಟು ಅಡಗಿಸಿದ್ದಾರೆ.

ಯಾರು ಕಂಡುಹಿಡಿದದ್ದು?

ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಅಕಿರ ಫುಜಿಶಿಮ, ನೀರಲ್ಲಿ ಮುಳುಗಿಸಿದ ಟೈಟಾನಿಯಂ ಡೈಆಕ್ಸೈಡಿನ ಮೇಲೆ ಬೆಳಕು ಬಿಟ್ಟಾಗ ನೀರು ಒಡೆದು ಗುಳ್ಳೆ ಬರುವುದನ್ನು 1967ರಲ್ಲಿ ಕಂಡರು. ಗುರು ಕೆನಿಚಿ ಹೊಂಡ ಅವರೊಂದಿಗೆ 1972ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ನೀರು ಶುದ್ಧ ಮಾಡುವ ಯೋಚನೆ ಆಮೇಲೆ ಬಂದದ್ದು. ಕಚ್ಚಾ ವಸ್ತು ಮಾತ್ರ ಜಪಾನಿನಿಂದ ಬರಬೇಕಾಗಿಲ್ಲ: ಕೊಲ್ಲಂ ಜಿಲ್ಲೆಯ ಚವರದ ಕಡಲ ತೀರದ ಕರಿ ಮರಳಿನ ಇಲ್ಮನೈಟಿನಿಂದ ಅಲ್ಲೇ ಟೈಟಾನಿಯಂ ಡೈಆಕ್ಸೈಡ್ ಮಾಡುತ್ತಾರೆ.

## ಬಾವಿ, ಸುರಂಗ, ತೋಟ

ಒಂದು ಕಿಲೋ ತಂದು ಬಾವಿಗೆ ಹಾಕಿದರೆ ಆಗ್ಲಿಕ್ಕುಂಟೋ?

ಬೇಡ, ಖಂಡಿತ ಬೇಡ. ಅತಿ ಹೆಚ್ಚು ಬಂದ ಪ್ರಶ್ನೆ ಇದೇ. ಹಾಗಾಗಿ ಉತ್ತರ ಸ್ವಲ್ಪ ಉದ್ದ.

ನಮ್ಮ ಬಾವಿಗಳು ಮುರಕಲ್ಲು ಕೊರೆದು ಇಳಿಸಿದವು, ಹತ್ತಾರು ಕೋಲು ಆಳ. ನಡು ಮಧ್ಯಾಹ್ನ ಹತ್ತು ನಿಮಿಷ ನೀರಿನ ಮೇಲೊಂದು ಬಿಲ್ಲೆಯಷ್ಟು ಬಿಸಿಲು ಬಿದ್ದರೆ ಅದೃಷ್ಟ. ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರಿಗಂತೂ ಹೊರಗೆ ಬರುವವರೆಗೆ ಬೆಳಕೇ ಇಲ್ಲ. ಬೆಳಕಿಲ್ಲದೆ ಈ ಪುಡಿ ಬರೀ ಸುಣ್ಣದ ಹುಡಿಯ ಹಾಗೆ ಬಿದ್ದಿರುತ್ತದೆ. ಬಾವಿಯ ನೀರು ನಿಂತ ನೀರೂ ಅಲ್ಲ. ನೀವು ಒಂದು ಕೊಡ ಸೇದಿದರೆ ಒಸರಿನಿಂದ ಇನ್ನೊಂದು ಕೊಡ ಬರುತ್ತದೆ, ಬರುವಾಗ ತನ್ನ ಕೊಳೆಯನ್ನೂ ತರುತ್ತದೆ.

ಇದಕ್ಕಿಂತ ದೊಡ್ಡ ಕಷ್ಟ ಪುಡಿಯನ್ನು ಹೊರಗೆ ತೆಗೆಯುವುದು. ಒಮ್ಮೆ ಶಾಲೆಯ ತಾರಸಿಯಲ್ಲಿ ಮಕ್ಕಳಿಗೆ ತೋರಿಸಲೆಂದು ಒಂದು ಲೀಟರ್ ನೀರಿಗೆ ಒಂದು ಗ್ರಾಂ ಹಾಕಿದ್ದೆ. ಪ್ರಯೋಗ ಚೆನ್ನಾಗಿ ಆಯಿತು, ಸಂಜೆ ಜಾಡಿಯನ್ನು ಕಪಾಟಿನ ಮೇಲಿಟ್ಟು ಹೋದೆ. ಮೂರು ದಿನ ಬಿಟ್ಟು ನೋಡಿದರೆ ತಳದಲ್ಲಿ ತೆಳುವಾಗಿ ಬಿಳಿ, ಮೇಲಿನದ್ದು ಇನ್ನೂ ಗಂಜಿ ತೆಳಿ. ಪಂಚೆ ಬಟ್ಟೆಯಲ್ಲಿ ಸೋಸಿದೆ. ಗಂಜಿ ತೆಳಿಯೇ ಇಳಿಯಿತು. ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿದೆ. ಕಾಗದ ಕಟ್ಟಿಕೊಂಡಿತು, ನೀರು ತಿಳಿಯಾಗಲಿಲ್ಲ. ಕೊನೆಗೆ ಜಾಡಿಯ ಬುಡದಲ್ಲಿ ಕೂತು ಯೋಚಿಸಿದ್ದು: ಒಂದು ಜಾಡಿಯದ್ದೇ ಈ ಪಾಡಾದರೆ ಬಾವಿಯ ಗತಿಯೇನು?

ಎಂಡೋಸಲ್ಫಾನ್ ಹೋಗುತ್ತದೋ? ನಮಗೆ ಅದೊಂದೇ ಗೊತ್ತಾಗಬೇಕಾದ್ದು.

ಇದನ್ನು ಕೇಳಿದವರು ಎಣ್ಮಕಜೆ ಕಡೆಯ ಒಬ್ಬ ಅಮ್ಮ. ಅವರ ಮಗನಿಗೆ ಈಗ ಇಪ್ಪತ್ತೆಂಟು, ಇನ್ನೂ ತೊಡೆಯ ಮೇಲೆ ಮಲಗಿಸಿ ಊಟ ಕೊಡಬೇಕು. ಅವರ ಎದುರು ಅರ್ಧಂಬರ್ಧ ಉತ್ತರ ಕೊಡುವ ಧೈರ್ಯ ನನಗಿಲ್ಲ.

ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎರಡು ದಶಕಕ್ಕೂ ಹೆಚ್ಚು ಕಾಲ ಸಿಂಪಡಿಸಿ, 2000ದ ಹೊತ್ತಿಗೆ ನಿಲ್ಲಿಸಿದ ಕೀಟನಾಶಕ ಅದು. 2011ರಲ್ಲಿ, ಬೇಗ ನಾಶವಾಗದ ವಿಷಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿತು, ಅದೇ ವರ್ಷ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಲ್ಲಿ ಅದರ ತಯಾರಿ, ಮಾರಾಟ, ಬಳಕೆ ತಡೆಯಿತು. ಸಂತ್ರಸ್ತರಿಗೆ ಐದೈದು ಲಕ್ಷ ಕೊಡಬೇಕೆಂದು 2017ರ ಜನವರಿಯಲ್ಲಿ ಅದೇ ಕೋರ್ಟು ಹೇಳಿತು.

ಈಗ ರಸಾಯನದ ಮಾತು. ನೀರಲ್ಲಿ ಕರಗಿದ ಎಂಡೋಸಲ್ಫಾನನ್ನು ಬೆಳಕು ಮತ್ತು ಟೈಟಾನಿಯಂ ಡೈಆಕ್ಸೈಡ್ ಸೇರಿ ಒಡೆಯಬಲ್ಲವು. ಪ್ರಯೋಗಾಲಯದಲ್ಲಿ ಅದು ಸಾಧ್ಯ. ಆದರೆ ಆ ವಿಷಕ್ಕೆ ನೀರು ಇಷ್ಟವಿಲ್ಲ. ಲೀಟರಿಗೆ ಮಿಲಿಗ್ರಾಮಿನ ಮೂರನೇ ಒಂದು ಪಾಲು ಕರಗಿದರೆ ಹೆಚ್ಚು. ಉಳಿದದ್ದು ಮಣ್ಣಿಗೆ, ಕೆಸರಿಗೆ ಅಂಟುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಎಂಡೋಸಲ್ಫಾನ್ ಸಲ್ಫೇಟ್ ಮಾಡುತ್ತವೆ. ಅದೂ ವಿಷವೇ, ತಾಯಿಗಿಂತ ಹೆಚ್ಚು ಕಾಲ ಬಾಳುವ ಮಗಳು. ಮಣ್ಣಿನೊಳಗೆ ಬೆಳಕು ಒಂದು ಅಕ್ಕಿಕಾಳಿನಷ್ಟು ದೂರವೂ ಇಳಿಯುವುದಿಲ್ಲ. ಅಂದರೆ ವಿಷ ಇರುವ ಕಡೆ ಬೆಳಕು ಹೋಗದು, ಬೆಳಕು ಇರುವ ಕಡೆ ವಿಷ ಕಡಿಮೆ.

ಆ ಅಮ್ಮನಿಗೆ ನಾನು ಹೇಳಿದ್ದು ಇಷ್ಟು: ಕುಡಿಯುವ ನೀರಿನ ಬಗ್ಗೆ ಸಂಶಯವಿದ್ದರೆ ಮೊದಲು ಇಂಥ ವಿಷ ಅಳೆಯುವ ಯಂತ್ರ, ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಇರುವ ಲ್ಯಾಬಿಗೆ ಕೊಟ್ಟು ಪರೀಕ್ಷೆ ಮಾಡಿಸಿ. ಇದೆ ಅಂತಾದರೆ ಒಳ್ಳೆಯ ಇದ್ದಿಲಿನ, ಅಂದರೆ ಆಕ್ಟಿವೇಟೆಡ್ ಕಾರ್ಬನ್ನಿನ ಫಿಲ್ಟರು ಇವತ್ತಿಗೆ ಹೆಚ್ಚು ನಂಬಿಕೆಯದ್ದು, ಕಾಲಕಾಲಕ್ಕೆ ಇದ್ದಿಲು ಬದಲಿಸಬೇಕು. ಬೆಳಕಿನ ಪುಡಿಗೆ ಕಾಯಬೇಡಿ. ದೇಹದೊಳಗೆ ಆಗಿಹೋದದ್ದಕ್ಕೆ ಈ ಪುಡಿಯ ಬಳಿ ಉತ್ತರವೇ ಇಲ್ಲ.

ಮೈಲುತುತ್ತು ಬಿಟ್ಟ ಡ್ರಮ್ಮು ತೊಳೆದ ನೀರು ತೋಡಿಗೆ ಹೋಗುತ್ತದೆ. ಅದಕ್ಕಾದರೂ ಆಗಬಹುದೋ?

ಇಲ್ಲ. ಕೊಳೆರೋಗಕ್ಕೆ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿರುವುದು ತಾಮ್ರ. ತಾಮ್ರ ಮೂಲಧಾತು, ಅದನ್ನು ಒಡೆದು ಇನ್ನೇನೂ ಮಾಡಲಾಗದು. ಬಾವಿಯ ಕೆಂಪು ಕಬ್ಬಿಣ, ಕಡಲ ಬದಿಯ ಉಪ್ಪು, ಫ್ಲೋರೈಡ್, ನೈಟ್ರೇಟ್ ಇವಕ್ಕೂ ಇದೇ ಉತ್ತರ. ಇಂಗಾಲದ ಅಣುಗಳಿಗೆ ಮಾತ್ರ ಈ ವಿದ್ಯೆ.

ನಮ್ಮಲ್ಲಿ ಆರು ತಿಂಗಳು ಮಳೆ. ಆಗ ಎಂತ ಮಾಡುವುದು?

ನೆಲ ಮುಟ್ಟುವ ಬಿಸಿಲಿನಲ್ಲಿ ಅತಿನೇರಳೆಯ ಪಾಲು ನೂರಕ್ಕೆ ನಾಲ್ಕೈದು ಮಾತ್ರ, ಅದೂ ಮೋಡದಲ್ಲಿ ತಗ್ಗುತ್ತದೆ. ವರ್ಷಕ್ಕೆ 3500 ಮಿಲಿಮೀಟರ್ ಆಸುಪಾಸು ಸುರಿಯುವ ಊರಲ್ಲಿ ಜೂನ್, ಜುಲೈಯಲ್ಲಿ ಬಿಸಿಲನ್ನೇ ನಂಬಿ ಘಟಕ ಕಟ್ಟುವುದು ಜಾಣತನವಲ್ಲ. ಅತಿನೇರಳೆ ಎಲ್‌ಇಡಿ ದೀಪ ಹಾಕಬಹುದು, ಆಗ ಕರೆಂಟು ಬಿಲ್ಲು. ನಮ್ಮಲ್ಲಿ ಗಾಳಿ ಮಳೆಗೆ ಕರೆಂಟೂ ಹೋಗುತ್ತದೆ ಅನ್ನಿ.

ಮನೆಗೆ ಒಬ್ಬರು ನೀಲಿ ಬೆಳಕಿನ ನ್ಯಾನೋ ಮೆಷಿನ್ ತಂದಿದ್ದರು. ತೆಗೆದುಕೊಳ್ಳಲೋ?

ನನ್ನ ಮನೆಗೂ ಬಂದಿದ್ದರು. ಜಗಲಿಯಲ್ಲಿ ಕೂತು, ಒಂದು ಲೋಟ ನೀರಿಗೆ ಎರಡು ಸರಿಗೆ ಇಳಿಸಿ ಕರೆಂಟು ಕೊಟ್ಟು, ನೀರು ಕಂದು ಬಣ್ಣವಾದದ್ದನ್ನು ತೋರಿಸಿ ಹೆಂಡತಿಯನ್ನು ಹೆದರಿಸಿದರು. ಅದು ಸರಿಗೆಯ ಕಬ್ಬಿಣವೇ ಕರಗಿ ತುಕ್ಕಾದದ್ದು, ಬಾವಿಯ ಕೊಳೆ ಅಲ್ಲ. ನಾನು ಮೂರು ಪ್ರಶ್ನೆ ಕೇಳಿದೆ: ನಿಮ್ಮ ದೀಪದ ತರಂಗಾಂತರ ಎಷ್ಟು? ಪುಡಿ ಯಾವುದು, ಎಲ್ಲಿ ಅಂಟಿಸಿದ್ದೀರಿ? ನೀರು ಒಳಗೆ ಎಷ್ಟು ಹೊತ್ತು ನಿಲ್ಲುತ್ತದೆ? ಮೂರಕ್ಕೂ ಉತ್ತರ ಬರಲಿಲ್ಲ, ಮಜ್ಜಿಗೆ ಕುಡಿದು ಹೋದರು. ನೀವೂ ಈ ಮೂರನ್ನೇ ಕೇಳಿ. ಕಣ್ಣಿಗೆ ಚಂದ ಕಾಣುವ ನೀಲಿ ಬೆಳಕು 450 ನ್ಯಾನೋಮೀಟರಿನದ್ದಾದರೆ ಟೈಟಾನಿಯಂ ಡೈಆಕ್ಸೈಡಿಗೆ ಅದು ಕತ್ತಲೆಗೆ ಸಮ.

## ಸೊಲ್ಲಾಪುರದಿಂದ ಬಂದದ್ದು

ಸರ, ನಮ್ದು ಟವೆಲ್ ಡೈಯಿಂಗ್ ಐತ್ರಿ. ಬಣ್ಣದ ನೀರಿಗೆ ಈ ಪುಡಿ ಹಾಕಿದ್ರ ಪೊಲ್ಯೂಶನ್ ಬೋರ್ಡ್‌ನವ್ರ ಕಾಟ ತಪ್ತದೇನ್ರಿ?

ಅಕ್ಕಲಕೋಟೆ ಕಡೆಯ ಈ ಅಣ್ಣ ನೆಂಟರ ಮದುವೆಗೆ ಕುಂಬಳೆಗೆ ಬಂದವರು, ಫೋನಿನಲ್ಲಿ ತಮ್ಮ ಮೋರಿಯ ಫೋಟೋ ತೋರಿಸಿದರು: ನೇರಳೆ ಹಣ್ಣು ಹಿಂಡಿದಂಥ ನೀರು.

ಆ ಫೋಟೋದಲ್ಲೇ ಉತ್ತರ ಉಂಟು. ಅಷ್ಟು ಗಾಢ ಬಣ್ಣದೊಳಗೆ ಬೆಳಕು ಇಳಿಯುವುದಿಲ್ಲ. ಬಣ್ಣವೇ ಬೆಳಕನ್ನು ಹೀರಿ ಪುಡಿಯನ್ನು ನೆರಳಲ್ಲಿ ಕೂರಿಸುತ್ತದೆ. ಇನ್ನೊಂದು, ಉಪ್ಪು. ಹತ್ತಿಗೆ ರಿಯಾಕ್ಟಿವ್ ಬಣ್ಣ ಹಿಡಿಸಲಿಕ್ಕೆ ಲೀಟರಿಗೆ ಹತ್ತಾರು ಗ್ರಾಂ ಉಪ್ಪು ಹಾಕುತ್ತಾರೆ. ಅದರ ಕ್ಲೋರೈಡ್, ಸೋಡಾದ ಕಾರ್ಬೊನೇಟ್ ಎರಡೂ ರ‍್ಯಾಡಿಕಲ್ಲುಗಳನ್ನು ದಾರಿಯಲ್ಲೇ ಹಿಡಿದು ನಂದಿಸುತ್ತವೆ. ಆ ಉಪ್ಪು ಕೊನೆಯವರೆಗೂ ನೀರಲ್ಲೇ ಉಳಿಯುತ್ತದೆ, ಹೊಲಕ್ಕೆ ಹೋದರೆ ಮಣ್ಣು ಕೆಡುತ್ತದೆ.

ಹಾಗಾದರೆ ಪುಡಿಗೆ ಜಾಗವೇ ಇಲ್ಲವೇ? ಉಂಟು, ಸಾಲಿನ ಕೊನೆಯಲ್ಲಿ. ಮೊದಲು ಸುಣ್ಣ, ಪಟಿಕದಂಥವುಗಳಿಂದ ಕೂರಿಸಿ, ಆಮೇಲೆ ಬ್ಯಾಕ್ಟೀರಿಯಾದ ತೊಟ್ಟಿಯಲ್ಲಿ ತಿನ್ನಿಸಿ, ಅಲ್ಲಿಯೂ ಹೋಗದೆ ಉಳಿದ ತೆಳು ಬಣ್ಣವನ್ನು ಬೆಳಕಿಗೆ ಕೊಡಬೇಕು. ಲೀಟರಿಗೆ ಕೆಲವೇ ಮಿಲಿಗ್ರಾಂ ಉಳಿದಾಗ ಇದು ಚೆನ್ನಾಗಿ ದುಡಿಯುತ್ತದೆ. ಬಣ್ಣದ ಸಣ್ಣ ಘಟಕ ಒಬ್ಬರೇ ಇದನ್ನೆಲ್ಲ ಕಟ್ಟುವುದು ಕಷ್ಟ. ನಾಲ್ಕು ಮಂದಿ ಸೇರಿ ಒಂದೇ ಕಡೆ ಶುದ್ಧೀಕರಿಸುವ ಘಟಕವೇ ದಾರಿ. ಇದನ್ನು ಹೇಳಿದಾಗ ಆ ಅಣ್ಣ, 'ನಾಕ್ ಮಂದಿ ಕೂಡೋದೇ ತ್ರಾಸ್ ಐತಲ್ರಿ' ಅಂದರು. ಅದಕ್ಕೆ ನನ್ನಲ್ಲಿ ರಸಾಯನದ ಉತ್ತರವಿಲ್ಲ.

## ಕಾಲೇಜಿನ ಮಕ್ಕಳಿಗೆ

ಸರ್, ಪುಡಿ ಹಾಕಿ ಬಿಸಿಲಿಗಿಟ್ಟ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಪೂರ್ತಿ ಬಿಳಿಯಾಯಿತು. ಪ್ರಾಜೆಕ್ಟ್ ಮುಗಿದ ಹಾಗೆ ಅಲ್ಲವೇ?

ಶುರುವಾದ ಹಾಗೆ. ತಾರಸಿಯ ಪ್ರಯೋಗದಲ್ಲಿ ನಾವು ಎರಡು ಬೀಕರ್ ಇಟ್ಟಿದ್ದೆವು, ಒಂದಕ್ಕೆ ಪುಡಿ ಹಾಕಿ, ಇನ್ನೊಂದಕ್ಕೆ ಹಾಕದೆ. ಪುಡಿಯದ್ದು ಬೇಗ ತಿಳಿಯಾಯಿತು, ಮಕ್ಕಳು ಚಪ್ಪಾಳೆ ತಟ್ಟಿದರು. ಏಳನೆಯ ತರಗತಿಯ ಒಬ್ಬಳು ಹುಡುಗಿ ಮಾತ್ರ ಇನ್ನೊಂದನ್ನು ಎತ್ತಿ ಹಿಡಿದು, 'ಇದೂ ಸ್ವಲ್ಪ ಮಾಸಿದೆಯಲ್ಲ ಸಾರ್' ಎಂದಳು. ಮಾಸಿತ್ತು. ಬಣ್ಣ ತಾನೂ ಬೆಳಕು ಹೀರುತ್ತದೆ, ತಾನಾಗಿಯೇ ಒಡೆಯುತ್ತದೆ. ಆ ಎರಡನೆಯ ಬೀಕರ್ ಇಲ್ಲದ ಪ್ರಾಜೆಕ್ಟನ್ನು ನಾನು ಓದುವುದೇ ಇಲ್ಲ.

ಮೂರನೆಯದ್ದೂ ಬೇಕು: ಪುಡಿ ಹಾಕಿ ಕತ್ತಲಲ್ಲಿ ಇಟ್ಟದ್ದು. ಬಣ್ಣ ಪುಡಿಗೆ ಅಂಟಿಯೂ ನೀರು ತಿಳಿಯಾಗಬಹುದು. ಅದಕ್ಕೇ ಬೆಳಕು ಹಾಕುವ ಮೊದಲು ಅರ್ಧ ಗಂಟೆ ಕತ್ತಲಲ್ಲಿ ಕಲಕಿ, ಆಗಿನ ಅಳತೆಯನ್ನೇ ಆರಂಭ ಎಂದು ಹಿಡಿಯುತ್ತಾರೆ.

ಇನ್ನು ಈ ಬಣ್ಣ ಅತಿ ಹೆಚ್ಚು ಬೆಳಕು ಹೀರುವ 664 ನ್ಯಾನೋಮೀಟರಿನ ಶಿಖರ ಇಳಿಯುವುದರ ಜೊತೆಗೆ ಎಡಕ್ಕೆ ಜರುಗುತ್ತಿದ್ದರೆ ಗಮನಿಸಿ. ಅಣುವಿನ ಮೀಥೈಲ್ ಗುಂಪುಗಳು ಮಾತ್ರ ಉದುರುತ್ತಿವೆ, ಬೆನ್ನೆಲುಬು ಹಾಗೇ ಇದೆ ಎಂದು ಅದರರ್ಥ. ನಿಜಕ್ಕೂ ಸುಟ್ಟು ಮುಗಿಯಿತೋ ಎಂದು ತಿಳಿಯಲು ಒಟ್ಟು ಸಾವಯವ ಇಂಗಾಲ ಅಳೆಯಬೇಕು. ಆ ಯಂತ್ರ ಇಲ್ಲದಿದ್ದರೆ ಸಿಒಡಿ, ಅಂದರೆ ಉಳಿದ ಕೊಳೆಯನ್ನು ಸುಡಲು ಬೇಕಾಗುವ ಆಮ್ಲಜನಕದ ಅಳತೆ, ಆದರೂ ಮಾಡಿ. ಬಣ್ಣ ಒಂದು ಗಂಟೆಯಲ್ಲಿ ಹೋದರೆ ಇಂಗಾಲ ಹೋಗಲಿಕ್ಕೆ ಎಷ್ಟೋ ಪಟ್ಟು ಹೊತ್ತು ಬೇಕಾಗುವುದು ಸಾಮಾನ್ಯ.

ಎಂಡೋಸಲ್ಫಾನಿನಂಥದ್ದಕ್ಕೆ ಇನ್ನೂ ಚಂದದ ಸಾಕ್ಷಿ ಉಂಟು. ಅದರ ಪ್ರತಿ ಅಣುವಿನಲ್ಲಿ ಆರು ಕ್ಲೋರಿನ್. ಪೂರ್ತಿ ಒಡೆದರೆ ಒಂದು ಮಿಲಿಗ್ರಾಮಿಗೆ ಅರ್ಧ ಮಿಲಿಗ್ರಾಮಿಗಿಂತ ತುಸು ಹೆಚ್ಚು ಕ್ಲೋರೈಡ್ ನೀರಿಗೆ ಬರಬೇಕು. ಬಾರದಿದ್ದರೆ ಕ್ಲೋರಿನ್ ಇನ್ನೂ ಯಾವುದೋ ತುಂಡಿಗೆ ಅಂಟಿಕೊಂಡಿದೆ. ಬಾವಿ ನೀರಲ್ಲಿ ಮೊದಲೇ ಕ್ಲೋರೈಡ್ ಇರುವುದರಿಂದ ಈ ಲೆಕ್ಕ ಶುದ್ಧ ನೀರಲ್ಲೇ ಮಾಡಬೇಕು.

ಬರೀ ಅತಿನೇರಳೆ ಯಾಕೆ? ಪೂರ್ತಿ ಬಿಸಿಲನ್ನು ಹಿಡಿಯುವ ಪುಡಿ ಇಲ್ಲವೇ?

ಎಲೆಕ್ಟ್ರಾನ್ ಮೇಲಿನ ಮಟ್ಟಕ್ಕೆ ಹಾರಲು ಬೇಕಾದ ಶಕ್ತಿಯೇ ಪುಡಿಯ ಶಕ್ತಿ ಅಂತರ; 1240ನ್ನು ಅದರಿಂದ ಭಾಗಿಸಿದರೆ ಅದಕ್ಕೆ ಬೇಕಾದ ತರಂಗಾಂತರ ಸಿಗುತ್ತದೆ. ಅನಟೇಸ್ ರೂಪದ ಟೈಟಾನಿಯಂ ಡೈಆಕ್ಸೈಡಿಗೆ 3.2 ಎಲೆಕ್ಟ್ರಾನ್ ವೋಲ್ಟ್; ಅಂದರೆ ಸುಮಾರು 388 ನ್ಯಾನೋಮೀಟರ್, ಅದಕ್ಕಿಂತ ಉದ್ದದ ಅಲೆ ದಂಡ. ಯೂರಿಯಾ ಸುಟ್ಟು ಮಾಡುವ ಹಳದಿ ಕಾರ್ಬನ್ ನೈಟ್ರೈಡಿಗೆ 2.7, ಅದು 460ರವರೆಗೂ ಹಿಡಿಯುತ್ತದೆ. ಬಿಸ್ಮತ್ ವನಡೇಟ್ 2.4. ಕ್ಯಾಡ್ಮಿಯಂ ಸಲ್ಫೈಡೂ ಅಷ್ಟೇ, ಆದರೆ ಬೆಳಕಿನಲ್ಲಿ ತಾನೇ ಕರಗಿ ಕ್ಯಾಡ್ಮಿಯಂ ಬಿಡುತ್ತದೆ. ನೀರು ಶುದ್ಧಿಗೆ ಅದನ್ನು ತರುವವರ ಧೈರ್ಯಕ್ಕೆ ಮೆಚ್ಚಬೇಕು!

ಅಂತರ ಕಿರಿದಾದರೆ ಬೆಳಕು ಹೆಚ್ಚು ಸಿಗುತ್ತದೆ, ಹುಟ್ಟುವ ರಂಧ್ರದ, ಅಂದರೆ ಎಲೆಕ್ಟ್ರಾನ್ ಬಿಟ್ಟುಹೋದ ಖಾಲಿ ಜಾಗದ ಕಸುವು ಕಡಿಮೆಯಾಗುತ್ತದೆ. ಕಾರ್ಬನ್ ನೈಟ್ರೈಡಿನ ರಂಧ್ರಕ್ಕೆ ನೀರಿನಿಂದ ನೇರವಾಗಿ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಮಾಡುವಷ್ಟು ತಾಕತ್ತಿಲ್ಲ, ಕೆಲಸ ಬಹುಮಟ್ಟಿಗೆ ಸೂಪರ್‌ಆಕ್ಸೈಡಿನದು. ಮೇಲಾಗಿ ಹಾರಿದ ಎಲೆಕ್ಟ್ರಾನ್ ತಿರುಗಿ ಅದೇ ರಂಧ್ರಕ್ಕೆ ಬಿದ್ದು ಶಕ್ತಿ ಬಿಸಿಯಾಗಿ ಪೋಲಾಗುವುದು ಎಲ್ಲ ಪುಡಿಗಳ ಶಾಪ. ಎರಡು ಪುಡಿಗಳನ್ನು ಜೋಡಿಸುವುದು, ಬೆಳ್ಳಿಯ ಚುಕ್ಕೆ ಇಡುವುದು ಎಲ್ಲ ಎಲೆಕ್ಟ್ರಾನು, ರಂಧ್ರ ಇವೆರಡನ್ನೂ ದೂರ ಇಡುವ ಉಪಾಯಗಳು. ಪಿ25ರಲ್ಲಿ ಅನಟೇಸ್ ಎಂಬತ್ತು, ರೂಟೈಲ್ ಎಂಬ ಇನ್ನೊಂದು ರೂಪ ಇಪ್ಪತ್ತರ ಅಂದಾಜಿನಲ್ಲಿ ಬೆರೆತಿರುವುದೂ ಇದೇ ಕಾರಣಕ್ಕೆ ಅದಕ್ಕೆ ಒದಗಿದೆ.

ಗೋಚರ ಬೆಳಕಿನಲ್ಲಿ ಕೆಲಸ ಮಾಡುತ್ತದೆ ಎಂದು ಹೇಳುವಾಗ ಬಣ್ಣವಿಲ್ಲದ ಅಣುವಿನಲ್ಲಿ, ಫೀನಾಲ್ ಅಥವಾ ಪ್ಯಾರಾಸಿಟಮಾಲಿನಲ್ಲಿ, ತೋರಿಸಿ. ಬಣ್ಣದ್ದಾದರೆ ಬೆಳಕು ಹಿಡಿದದ್ದು ಪುಡಿಯೋ ಬಣ್ಣವೋ ಎಂಬ ಜಗಳ ಮುಗಿಯುವುದಿಲ್ಲ.

ಡಿಸ್ಟಿಲ್ಡ್ ವಾಟರಿನಲ್ಲಿ ಬಂದ ವೇಗ ಬಾವಿ ನೀರಲ್ಲಿ ಬರುತ್ತಿಲ್ಲ. ಪುಡಿ ಹಾಳಾಯಿತೋ?

ಪುಡಿ ಸರಿಯಾಗಿಯೇ ಇದೆ, ನೀರು ಬೇರೆ. ಬೈಕಾರ್ಬೊನೇಟ್, ಎಲೆ ಕೊಳೆತು ಬಂದ ಹ್ಯೂಮಿಕ್ ಆಮ್ಲ ಇವೆಲ್ಲ ರ‍್ಯಾಡಿಕಲ್ಲಿಗೆ ಬಾಯಿ ಹಾಕುತ್ತವೆ. ಇಲ್ಲಿ ನಮ್ಮ ಊರಿಗೊಂದು ಅನುಕೂಲ ಉಂಟು: ಮುರಕಲ್ಲಿನ ನೀರು ಮೆದು, ಬೈಕಾರ್ಬೊನೇಟ್ ಕಡಿಮೆ. ಸೊಲ್ಲಾಪುರದ ಕರಿಕಲ್ಲಿನ ಬೋರ್‌ವೆಲ್ಲಿನ ಗಡಸು ನೀರಲ್ಲಿ ಇದೇ ಪ್ರಯೋಗ ಇನ್ನೂ ನಿಧಾನ. ಅನಾನುಕೂಲವೂ ಉಂಟು. ನಮ್ಮ ಬಾವಿ ನೀರು ತುಸು ಹುಳಿ, ಪಿಎಚ್ ಆರರ ಆಸುಪಾಸು ಕಾಣುವುದು ಹೊಸತಲ್ಲ. ಅದರಲ್ಲಿ ಝಿಂಕ್ ಆಕ್ಸೈಡ್ ಹಾಕಿದರೆ ಅದೇ ಕರಗಿ ಸತು ನೀರಿಗಿಳಿಯುತ್ತದೆ. ಇಲ್ಲಿಗೆ ಟೈಟಾನಿಯಂ ಡೈಆಕ್ಸೈಡೇ ಸರಿ.

ಪುಡಿಯನ್ನು ಹಿಂದಕ್ಕೆ ಪಡೆಯುವುದು ಹೇಗೆ? ನೀರಲ್ಲಿ ಉಳಿದರೆ ಅಪಾಯವೋ?

ಗಾಜು, ಮಣ್ಣಿನ ಬಿಲ್ಲೆ, ಗಾಜಿನ ಮಣಿ ಇವುಗಳ ಮೇಲೆ ಸುಟ್ಟು ಅಂಟಿಸುವುದು ಒಂದು ದಾರಿ. ಮೈ ಕಡಿಮೆಯಾಗಿ ವೇಗ ತಗ್ಗುತ್ತದೆ, ಆದರೆ ಸೋಸುವ ರಗಳೆ ಇಲ್ಲ. ಕಬ್ಬಿಣದ ಆಕ್ಸೈಡಿನ ತಿರುಳಿಟ್ಟು ಅಯಸ್ಕಾಂತದಿಂದ ಎಳೆಯುವುದು ಇನ್ನೊಂದು. ಸ್ಪೇನಿನ ಅಲ್ಮೇರಿಯದ ಸೌರ ಕೇಂದ್ರದಲ್ಲಿ ಹೊಳೆಯುವ ಬಾಗಿದ ತಗಡಿನ ನಡುವೆ ಗಾಜಿನ ಕೊಳವೆ ಇಟ್ಟು, ಅದರೊಳಗೆ ನೀರು ತಿರುಗಿಸಿ ದೊಡ್ಡ ಮಟ್ಟದ ಪ್ರಯೋಗಗಳು ನಡೆದಿವೆ.

ಅಪಾಯದ ಮಾತು: ಒಣ ಪುಡಿ ಉಸಿರಿಗೆ ಹೋಗುವುದನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ '2ಬಿ' ಗುಂಪಿನಲ್ಲಿ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುವ ಸಾಧ್ಯತೆ ಇರುವವುಗಳಲ್ಲಿ ಇಟ್ಟಿದೆ. ತಿನ್ನುವ ಪದಾರ್ಥಕ್ಕೆ ಬಿಳಿ ಬಣ್ಣವಾಗಿ ಹಾಕುವುದನ್ನು ಯೂರೋಪಿಯನ್ ಒಕ್ಕೂಟ 2022ರಲ್ಲಿ ನಿಲ್ಲಿಸಿತು. ಲ್ಯಾಬಿನಲ್ಲಿ ತೂಗುವಾಗ ಮಾಸ್ಕ್ ಹಾಕಿ, ಫ್ಯಾನ್ ಆರಿಸಿ. ಉಳಿದದ್ದನ್ನು ಸಿಂಕಿಗೆ ಬಿಡಬೇಡಿ.

ಎಂ.ಎಸ್ಸಿ.ಗೆ ಇದೇ ವಿಷಯ ತೆಗೆದುಕೊಳ್ಳಲೋ ಮಾಷ್ಟ್ರೇ? ಎಲ್ಲರೂ ಮಾಡಿ ಮುಗಿಸಿದ್ದಾರಂತೆ.

ಹೊಸ ಪುಡಿ ಮಾಡಿ ಮೆಥಿಲೀನ್ ಬ್ಲೂ ಬಿಳಿ ಮಾಡುವುದನ್ನು ಎಲ್ಲರೂ ಮಾಡಿದ್ದಾರೆ, ಅದನ್ನು ಬಿಡು. ಹಳೆಯ ಪುಡಿಯನ್ನೇ ಹೆಂಚಿನ ತುಂಡಿನ ಮೇಲೆ ಅಂಟಿಸಿ, ಸುರಂಗದ ನೀರಿಗೆ ಅಡಿಕೆ ತೋಟದಲ್ಲಿ ಇವತ್ತು ಹೊಡೆಯುವ ಯಾವುದಾದರೊಂದು ಔಷಧಿಯನ್ನು ಲೀಟರಿಗೆ ಮಿಲಿಗ್ರಾಮಿನ ಲೆಕ್ಕದಲ್ಲಿ ಬೆರೆಸಿ, ಫೆಬ್ರವರಿಯ ಬಿಸಿಲಿನಲ್ಲೂ ಜುಲೈಯ ಮೋಡದಲ್ಲೂ ಅಳೆ. ಐವತ್ತನೆಯ ಸಲಕ್ಕೆ ಹೆಂಚು ಇನ್ನೂ ದುಡಿಯುತ್ತದೋ ನೋಡು. ಸೊನ್ನೆ ಬಂದರೂ ಬರೆ. ನೀರು ನಮ್ಮ ಬಾವಿಯಿಂದಲೇ ಕೊಂಡುಹೋಗಬಹುದು. ಬರುವಾಗ ಹಗ್ಗ ಮಾತ್ರ ತಾ, ಇಲ್ಲಿಯದ್ದು ಜೀರ್ಣವಾಗಿದೆ.